ಕೋವಿಡ್ ಮತ್ತು ಯುವಜನ: ಬೋಗಾದಿಯಿಂದ ಕಂಡಂತೆ

ಕೋವಿಡ್-19 ಮಹಾಮಾರಿ ಮತ್ತು ಅದನ್ನು ತಡೆಯಲು ಜಾರಿಯಾದ ನಿರ್ಬಂಧಗಳು 2020ರಿಂದ 2022ರವರೆಗೆ ಹದಿಹರೆಯದವರ ಮತ್ತು ಮೂವತ್ತರೊಳಗಿನವರ ಓದು, ದುಡಿಮೆ, ಊಟ, ಮದುವೆ, ಮನಸ್ಸುಗಳನ್ನು ಹೇಗೆ ತಟ್ಟಿದವು ಎಂಬುದು ಈ ಲೇಖನದ ವಸ್ತು. ಮೈಸೂರು ನಗರದ ಪಶ್ಚಿಮದ ಅಂಚಿನಲ್ಲಿರುವ ಬೋಗಾದಿಯಿಂದ ಹೊರಟು ಮೈಸೂರು ಸೀಮೆ, ಕರ್ನಾಟಕದ ಉಳಿದ ಭಾಗ, ಗಡಿಯಾಚೆಯ ಕನ್ನಡಿಗರು, ಇದೇ ಸಂಕಟ ಕಂಡ ಇತರ ಬಡ ದೇಶಗಳವರೆಗೆ ಇದರ ಹರವು.

ಸೋಂಕಿನಿಂದ ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಸಂಭವಿಸಿತು. ತೀರಿಕೊಂಡವರು ಕಲಬುರಗಿಯ 76 ವರ್ಷದ ಹಿರಿಯರು. ಹರೆಯದವರ ಮೈ ರೋಗವನ್ನು ಬಹುಪಾಲು ತಾಳಿಕೊಂಡಿತು. ಅವರಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆ: ಹತ್ತನೆಯ ತರಗತಿಯಿಂದ ಪಿಯುಸಿಗೆ, ಪದವಿಯಿಂದ ಕೆಲಸಕ್ಕೆ, ಹಳ್ಳಿಯಿಂದ ಪಟ್ಟಣಕ್ಕೆ ದಾಟುವ ಹೊತ್ತಿನಲ್ಲಿ. ಕೆಲಸದಲ್ಲಿ ಬೇರು ಬಿಟ್ಟವರಿಗೆ ಅವು ಕಷ್ಟದ ಎರಡು ವರ್ಷ. ಹೊಸ್ತಿಲ ಮೇಲೆ ನಿಂತಿದ್ದವರ ಎದುರು ಬಾಗಿಲೇ ಮುಚ್ಚಿತು. ಅದು ಮತ್ತೆ ತೆರೆದಾಗ ಅವರ ಬೆನ್ನ ಹಿಂದೆ ಹೊಸಬರ ಸಾಲು ಬಂದು ನಿಂತಿತ್ತು. ಯುವಜನರ ಮೇಲಿನ ಪರಿಣಾಮವನ್ನು ಅಳೆಯುವಾಗ ವಯಸ್ಸಿಗಿಂತಲೂ ಅವರು ಆ ಮಾರ್ಚ್ ತಿಂಗಳಲ್ಲಿ ಎಲ್ಲಿ ನಿಂತಿದ್ದರು ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಬೋಗಾದಿ

ಇಂಥ ಹೊಸ್ತಿಲ ಊರು ಬೋಗಾದಿ. ಇದರ ಪೂರ್ವಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅದರ ಆಸುಪಾಸಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇವೆ. ಪಶ್ಚಿಮಕ್ಕೆ ಬೋಗಾದಿ ರಸ್ತೆ ವರ್ತುಲ ರಸ್ತೆಯನ್ನು ದಾಟಿ ಗದ್ದಿಗೆಯ ಕಡೆಗೆ, ಹೊಲ ತೋಟಗಳ ನಡುವೆ ಸಾಗುತ್ತದೆ. ಹಳೆಯ ಊರು, ಕೆರೆ, ಸುತ್ತ ಎದ್ದ ಬಡಾವಣೆಗಳು, ಬಡಾವಣೆಯ ಮನೆಗಳ ಮೇಲಂತಸ್ತಿನಲ್ಲಿ ಬಾಡಿಗೆ ಕೋಣೆಗಳು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಚಾಮರಾಜನಗರ, ಮಂಡ್ಯ, ಕೊಡಗಿನ ಕಡೆಯ ಹುಡುಗ ಹುಡುಗಿಯರು ಎಂ.ಎ., ಎಂ.ಕಾಂ. ಓದುವುದಕ್ಕೋ ಕೆಪಿಎಸ್‌ಸಿ ಪರೀಕ್ಷೆಗೆ ತಯಾರಾಗುವುದಕ್ಕೋ ಬಂದು ಇಬ್ಬರು ಮೂವರು ಸೇರಿ ಇಂಥ ಕೋಣೆ ಹಿಡಿಯುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರು ಇವರಲ್ಲಿ ಬಹಳ.

2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ಘೋಷಿಸಿದ್ದು ಒಂದು ವಾರದ ಬಂದ್ ಮಾತ್ರ. ವಾರ ಕಳೆದರೆ ಮರಳುವ ಲೆಕ್ಕದಲ್ಲಿ ವಿದ್ಯಾರ್ಥಿಗಳು ಪುಸ್ತಕ, ಬಟ್ಟೆ, ಕುಕ್ಕರ್‌ಗಳನ್ನು ಕೋಣೆಯಲ್ಲೇ ಬಿಟ್ಟು ಊರ ಬಸ್ಸು ಹತ್ತಿದರು. ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್. ಅದು ಮತ್ತೆ ಮತ್ತೆ ವಿಸ್ತರಣೆಯಾಗಿ ಮೇ 31ರವರೆಗೆ ನಡೆಯಿತು. ಪದವಿ ಕಾಲೇಜುಗಳ ತರಗತಿಗಳು ಮತ್ತೆ ಶುರುವಾದದ್ದು ನವೆಂಬರ್ 17ಕ್ಕೆ. ಬಾಡಿಗೆ ಬಿಟ್ಟುಕೊಟ್ಟ ಮನೆ ಮಾಲೀಕರೂ ಇದ್ದರು, ಕೂಲಿ ನಿಂತ ಮನೆಗೆ ತಿಂಗಳು ತಿಂಗಳು ಫೋನ್ ಮಾಡಿ ಬಾಡಿಗೆ ಕೇಳಿದವರೂ ಇದ್ದರು. ಆ ಮಾಲೀಕರಲ್ಲಿ ಅನೇಕರಿಗೆ ಬ್ಯಾಂಕಿನ ಕಂತು ತುಂಬಲು ಆ ಬಾಡಿಗೆಯೇ ಆಧಾರ. ವಿದ್ಯಾರ್ಥಿಗಳನ್ನೇ ನಂಬಿದ್ದ ಮೆಸ್ಸು, ಟಿಫಿನ್ ಗಾಡಿ, ಜೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ದುಡಿಯುತ್ತಿದ್ದವರೂ ಇಪ್ಪತ್ತರ ಆಸುಪಾಸಿನವರೇ. ವಿಶ್ವವಿದ್ಯಾನಿಲಯ ಮುಚ್ಚಿದಾಗ ಓದುವ ಯುವಕನ ಜೊತೆಗೆ ಅವನಿಗೆ ಊಟ ಬಡಿಸುವ ಯುವಕನೂ ಕೈ ಕಟ್ಟಿ ಕುಳಿತ.

ಹಿಂದಿನ ಪಿಡುಗುಗಳು

ಮೈಸೂರು ಸೀಮೆಗೆ ಪಿಡುಗು ಹೊಸತಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟು ಸಂಸ್ಥಾನಕ್ಕೆಲ್ಲ ಹರಡಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯವಿದೆ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿಕೊಂಡಿತು. 1918ರ ಇನ್‌ಫ್ಲುಯೆಂಜಾ ಕೋವಿಡ್‌ಗೆ ತೀರ ವಿರುದ್ಧ ಬಗೆಯದು. ಅದು ಬಹುತೇಕ ಕಡೆ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಬೆಳೆಯುವ ಬದಲು ಕೊಂಚ ಇಳಿದದ್ದಕ್ಕೆ ಆ ಜ್ವರವೇ ಮುಖ್ಯ ಕಾರಣ. ಪ್ಲೇಗು ನಗರಕ್ಕೆ ಅಗಲವಾದ ಬೀದಿಗಳನ್ನೂ ಚರಂಡಿಗಳನ್ನೂ ಬಿಟ್ಟುಹೋಯಿತು. ಕೋವಿಡ್ ನಂತರ ಯುವಜನರಿಗಾಗಿ ಅಂಥ ಶಾಶ್ವತ ಏರ್ಪಾಡುಗಳು ಈವರೆಗೆ ಕಾಣುವುದು ತೀರ ಕಡಿಮೆ.

ಮುಚ್ಚಿದ ಶಾಲೆ

ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮಾರ್ಚ್ 2020ರಲ್ಲಿ ಬಿಟ್ಟ ಶಾಲೆಗೆ ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು, ಹತ್ತೊಂಬತ್ತು ತಿಂಗಳ ಬಳಿಕ. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಗೆ 2021ರ ಜನವರಿ 1ರಿಂದ ತರಗತಿ ನಡೆಯಿತಾದರೂ ಎರಡನೆಯ ಅಲೆ ಏಪ್ರಿಲಿನಲ್ಲಿ ಮತ್ತೆ ಬೀಗ ಹಾಕಿಸಿತು.

ನಡುವೆ ಎರಡು ಪ್ರಯತ್ನಗಳು ನಡೆದವು. ಒಂದು ಆನ್‌ಲೈನ್ ಪಾಠ. ಚಿಕ್ಕ ಮಕ್ಕಳಿಗೆ ಇದು ಸಲ್ಲದೆಂದು ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟಿತು. ಇನ್ನೊಂದು ‘ವಿದ್ಯಾಗಮ’. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ಮೇಡಂಗಳು ಹಳ್ಳಿಗೇ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಸಣ್ಣ ಸಣ್ಣ ಗುಂಪಾಗಿ ಕೂರಿಸಿ ಪಾಠ ಹೇಳಿದರು. ಫೋನಿಲ್ಲದ ಮಗುವನ್ನು ನಿಜವಾಗಿ ಮುಟ್ಟಿದ್ದು ಇದೊಂದೇ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳ ನಡುವೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ನಿಲ್ಲಿಸುವ ಬದಲು ಎಚ್ಚರಿಕೆ ಹೆಚ್ಚಿಸಿ ಮುಂದುವರಿಸಬಹುದಿತ್ತು. ಆ ಹೊತ್ತಿಗೆ ಮದ್ಯದಂಗಡಿಗಳು ತೆರೆದು ಐದು ತಿಂಗಳಾಗಿತ್ತು.

ಫೋನಿನ ಕಥೆಯನ್ನು ಬಿಡಿಸಿ ಹೇಳಬೇಕು. ಗ್ರಾಮೀಣ ಭಾರತದಲ್ಲಿ ಶಾಲಾಮಕ್ಕಳಿರುವ ಮನೆಗಳ ಪೈಕಿ ಸ್ಮಾರ್ಟ್‌ಫೋನ್ ಇದ್ದವು 2018ರಲ್ಲಿ 36.5% ಇದ್ದರೆ, ಗ್ರಾಮೀಣ ಶಿಕ್ಷಣವನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ 2020ರಲ್ಲಿ 61.8%. ಇದನ್ನು ಪ್ರಗತಿ ಎಂದು ಓದುವವರಿದ್ದಾರೆ. ಕೂಲಿಯೇ ನಿಂತುಹೋದ ವರ್ಷದಲ್ಲಿ ಆ ಫೋನು ಬಂದದ್ದು ಎಲ್ಲಿಂದ? ಸಂಘದ ಸಾಲದಿಂದ, ಕಿವಿಯೋಲೆಯಿಂದ, ಮಾರಿದ ಕುರಿಯಿಂದ. ಬಂದ ಒಂದು ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಉಳಿದ ಹೊತ್ತಿನಲ್ಲಿ ಪಿಯುಸಿ ಓದುವ ಅಣ್ಣನ ಪಾಳಿ ಮುಗಿದ ಮೇಲೆ ಎಂಟನೆಯ ತರಗತಿಯ ತಂಗಿಯ ಪಾಳಿ. ನೆಟ್‌ವರ್ಕಿನ ಪಾಡು ಮಲೆನಾಡಿನಲ್ಲಿ ಇನ್ನೂ ಕಷ್ಟ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆ ಬದಿಯಲ್ಲಿ ಸುರಿವ ಮಳೆಗೆ ಅಪ್ಪ ಕೊಡೆ ಹಿಡಿದು ನಿಂತು, ಮಗಳು ಅದರಡಿ ಕೂತು ಪಾಠ ಕೇಳುತ್ತಿದ್ದ ಚಿತ್ರ ದೇಶವೆಲ್ಲ ಓಡಾಡಿತು. ಅಪ್ಪನ ಅಕ್ಕರೆಯನ್ನು ಎಲ್ಲರೂ ಮೆಚ್ಚಿದರು. ಹಾಗೆ ದಿನವೂ ಕೊಡೆ ಹಿಡಿಯಬೇಕಾಗಿ ಬಂದ ಸ್ಥಿತಿಯ ಬಗ್ಗೆ ಅಷ್ಟು ಮಾತಾಗಲಿಲ್ಲ.

ಕಲಿಕೆಯ ನಷ್ಟದ ಅಳತೆ ದಾಖಲಾಗಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯಂತೆ, 92% ಮಕ್ಕಳು ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು, 82% ಮಕ್ಕಳು ಗಣಿತದ ಒಂದು ಸಾಮರ್ಥ್ಯವನ್ನು ಮರೆತಿದ್ದರು. ಗ್ರಾಮೀಣ ಕರ್ನಾಟಕದ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು 2018ರಲ್ಲಿ ಸುಮಾರು ಐದರಲ್ಲಿ ಒಬ್ಬರಿದ್ದರು. 2022ರ ಹೊತ್ತಿಗೆ ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ತುಂಬಿಕೊಡಲೆಂದೇ ಶಿಕ್ಷಣ ಇಲಾಖೆ 2022-23ನೆಯ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವಾಗಿ ನಡೆಸಿತು.

‘ಕೊರೊನಾ ಬ್ಯಾಚು’

ಪರೀಕ್ಷೆಗಳ ವಿಷಯದಲ್ಲಿ ಕರ್ನಾಟಕ ಎರಡು ವರ್ಷ ಎರಡು ದಾರಿ ಹಿಡಿಯಿತು. 2020ರಲ್ಲಿ, ನೆರೆಯ ತಮಿಳುನಾಡು, ತೆಲಂಗಾಣಗಳು ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದು ಮಾಡಿದಾಗ, ಇಲ್ಲಿ ಮಾರ್ಚ್‌ನಿಂದ ಮುಂದೂಡಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ನಡೆಯಿತು. ಎಂಟು ಲಕ್ಷಕ್ಕೂ ಮಿಕ್ಕಿ ಮಕ್ಕಳು ಮಾಸ್ಕ್ ಹಾಕಿಕೊಂಡು ಬಂದು ಬರೆದರು, 71.80% ಉತ್ತೀರ್ಣರಾದರು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕಕ್ಕೆ 45, ಪ್ರಥಮ ಪಿಯುಸಿ ಅಂಕಕ್ಕೆ 45, ಆಂತರಿಕ ಮೌಲ್ಯಮಾಪನಕ್ಕೆ 10ರಂತೆ ತೂಕ ಕೊಟ್ಟು ಎಲ್ಲರನ್ನೂ ಪಾಸು ಮಾಡಲಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂತು. ಅದೇ ವರ್ಷದ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಎರಡೇ ದಿನದ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆಯಾಗಿ ಮುಗಿದು, ಫಲಿತಾಂಶ ಹೆಚ್ಚುಕಡಿಮೆ ನೂರಕ್ಕೆ ನೂರಾಯಿತು.

ಪಾಸಾದ ಸಂತೋಷ ಬಹಳ ದಿನ ಉಳಿಯಲಿಲ್ಲ. ‘ಕೊರೊನಾ ಪಾಸು’, ‘ಕೊರೊನಾ ಬ್ಯಾಚಿನವರು’ ಎಂಬ ಮಾತುಗಳು ಮನೆಯಲ್ಲಿ, ಕಾಲೇಜಿನಲ್ಲಿ, ಕೆಲಸದ ಸಂದರ್ಶನಗಳಲ್ಲಿ ಕಿವಿಗೆ ಬೀಳತೊಡಗಿದವು. ಈ ಅನುಮಾನ ಅಧಿಕೃತ ರೂಪವನ್ನೂ ತಾಳಿತು. 2021ರಲ್ಲಿ ಪಿಯುಸಿ ಮುಗಿಸಿ 2022ರಲ್ಲಿ ಮತ್ತೆ ಸಿಇಟಿ ಬರೆದ ಸುಮಾರು 24,000 ವಿದ್ಯಾರ್ಥಿಗಳ ಪಿಯುಸಿ ಅಂಕವನ್ನು ರ‍್ಯಾಂಕಿಗೆ ಪರಿಗಣಿಸುವುದಿಲ್ಲವೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತೀರ್ಮಾನಿಸಿತು. ಉಳಿದವರಿಗೆ ಸಿಇಟಿಯ ಅರ್ಧ, ಪಿಯುಸಿಯ ಅರ್ಧ ಅಂಕ ಸೇರಿಸಿ ರ‍್ಯಾಂಕು ಕೊಟ್ಟಾಗ ಇವರು ಸಾವಿರಾರು ಸ್ಥಾನ ಕೆಳಗೆ ಬಿದ್ದರು. ಹೈಕೋರ್ಟಿನ ಏಕಸದಸ್ಯ ಪೀಠ 2022ರ ಸೆಪ್ಟೆಂಬರಿನಲ್ಲಿ ಆ ತೀರ್ಮಾನವನ್ನು ರದ್ದುಪಡಿಸಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠದ ಮುಂದೆ, ಇವರ ಪಿಯುಸಿ ಅಂಕದಿಂದ ಸರಾಸರಿ ಆರು ಕಳೆದು ಉಳಿದದ್ದನ್ನು ಪರಿಗಣಿಸುವ ಸೂತ್ರಕ್ಕೆ ಒಪ್ಪಿಗೆಯಾಯಿತು. ಪರೀಕ್ಷೆ ರದ್ದು ಮಾಡಿದ್ದು ಸರ್ಕಾರ, ಅಂಕ ಕೊಟ್ಟದ್ದೂ ಸರ್ಕಾರ. ಆ ಅಂಕ ತಮ್ಮದೇ ಎಂದು ಸಾಧಿಸಲು ನ್ಯಾಯಾಲಯಕ್ಕೆ ಹೋಗಬೇಕಾದವರು ಮಾತ್ರ ಹದಿನೆಂಟರ ಮಕ್ಕಳು. ಈ ಪೀಳಿಗೆಯ ಅನುಭವವನ್ನು ಇಷ್ಟು ನಿಚ್ಚಳವಾಗಿ ತೋರುವ ಇನ್ನೊಂದು ಪ್ರಕರಣ ಸಿಗುವುದು ಕಷ್ಟ.

ಪದವಿ ತರಗತಿಗಳಲ್ಲಿ ಅಂತಿಮ ವರ್ಷದವರನ್ನು ಬಿಟ್ಟು ಉಳಿದವರನ್ನು 2020ರ ಜುಲೈನಲ್ಲಿ ಪರೀಕ್ಷೆಯಿಲ್ಲದೆ ಮುಂದಿನ ವರ್ಷಕ್ಕೆ ತೇರ್ಗಡೆ ಮಾಡಲಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆ ಕಾಣದೆ ಸೆಮಿಸ್ಟರು ದಾಟಿದರು. ಐಟಿಐ, ಡಿಪ್ಲೊಮಾದವರ ನಷ್ಟ ಇದಕ್ಕಿಂತ ದೊಡ್ಡದು. ಲೇತ್ ಯಂತ್ರವನ್ನಾಗಲಿ ವೆಲ್ಡಿಂಗನ್ನಾಗಲಿ ಯೂಟ್ಯೂಬಿನಲ್ಲಿ ನೋಡಿ ಕಲಿತವರನ್ನು ಕಾರ್ಖಾನೆಯ ಮೇಲ್ವಿಚಾರಕರು ಹೇಗೆ ನಂಬಿಯಾರು?

ದುಡಿಮೆ

ಮೈಸೂರು ಜಿಲ್ಲೆಯಲ್ಲಿ ಕೋವಿಡ್ ಮೊದಲು ಹಬ್ಬಿದ್ದೇ ದುಡಿಯುವ ಯುವಕರ ನಡುವೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿತು. ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್ ಆದರು. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ದಾಖಲಾದ 90 ಪ್ರಕರಣಗಳಲ್ಲಿ ಬಹುಪಾಲಿನ ಎಳೆ ಆ ಕಾರ್ಖಾನೆಗೇ ಹೋಗಿ ಸೇರುತ್ತಿತ್ತು. ಗುಣವಾಗಿ ಮನೆ ಸೇರಿದ ಮೇಲೂ ‘ನಂಜನಗೂಡಿನವರು’ ಎಂಬ ಮಾತಿಗೆ ಬಾಡಿಗೆ ಮನೆ ಸಿಗದ, ಅಂಗಡಿಯವರು ದೂರ ನಿಲ್ಲಿಸುವ ಕಾಲ ಕೆಲವು ತಿಂಗಳು ನಡೆಯಿತು.

ನಗರದ ಪ್ರವಾಸೋದ್ಯಮ ನಿಂತದ್ದು ಎರಡನೆಯ ಹೊಡೆತ. ಅರಮನೆ, ಮೃಗಾಲಯಗಳು ಮಾರ್ಚ್‌ನಲ್ಲಿ ಮುಚ್ಚಿ ಜೂನ್‌ನಲ್ಲಿ ತೆರೆದರೂ ಬರುವ ಜನರಿರಲಿಲ್ಲ. ಆ ವರ್ಷದ ದಸರೆಯಲ್ಲಿ ಅಭಿಮನ್ಯು ಆನೆ ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗದೆ ಅರಮನೆಯ ಅಂಗಳದಲ್ಲೇ, ಕೆಲವೇ ನೂರು ಜನರ ಎದುರು ಮುಗಿಯಿತು. ದಸರೆಯ ಹತ್ತು ದಿನದ ಸಂಪಾದನೆಯಲ್ಲಿ ಕಾಲೇಜು ಶುಲ್ಕ ಕಟ್ಟುವ ಹುಡುಗರು ಈ ಊರಲ್ಲಿ ಕಡಿಮೆಯಿಲ್ಲ. ಲಾಡ್ಜಿನ ರೂಂ ಬಾಯ್‌ಗಳು, ಟಾಂಗಾದವರು, ಫೋಟೊ ತೆಗೆಯುವವರು, ವಸ್ತುಪ್ರದರ್ಶನದ ಮಳಿಗೆಯಲ್ಲಿ ಸಂಜೆ ಕೆಲಸಕ್ಕೆ ನಿಲ್ಲುವ ವಿದ್ಯಾರ್ಥಿಗಳು. ಗೋಕುಲಂ ಕಡೆ ಯೋಗ ಕಲಿಯಲು ಬರುತ್ತಿದ್ದ ವಿದೇಶಿಯರು ಮರಳಿಹೋದ ಮೇಲೆ ಅವರನ್ನು ನಂಬಿದ್ದ ಮನೆಗೆಲಸ, ಕೆಫೆ, ಸ್ಕೂಟರ್ ಬಾಡಿಗೆಯ ಸಂಪಾದನೆಗಳೂ ಹೋದವು.

ನೆರೆಯ ಶ್ರೀರಂಗಪಟ್ಟಣದ ಉಡುಪು ಘಟಕವೊಂದು 2020ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು, ಬಹುತೇಕ ಹೆಣ್ಣುಮಕ್ಕಳು. ಅವರು ವಾರಗಟ್ಟಲೆ ಕಾರ್ಖಾನೆಯ ಆವರಣದಲ್ಲಿ ಧರಣಿ ಕೂತರು. ಯುರೋಪು, ಅಮೆರಿಕದ ಅಂಗಡಿಗಳು ಆರ್ಡರು ರದ್ದು ಮಾಡಿದ್ದರ ಅಲೆ ಇದೇ ತಿಂಗಳುಗಳಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿನ ಹುಡುಗಿಯರನ್ನೂ ಹೀಗೆಯೇ ತಟ್ಟಿತ್ತು.

ಸಂಖ್ಯೆಗಳು ಇದನ್ನೇ ಹೇಳುತ್ತವೆ. ನಗರ ಭಾರತದಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ ದರ 2020ರ ಜನವರಿ-ಮಾರ್ಚ್‌ನಲ್ಲಿ 21.1% ಇದ್ದದ್ದು ಏಪ್ರಿಲ್-ಜೂನ್‌ನಲ್ಲಿ 34.7%ಕ್ಕೆ ಏರಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ಉದ್ಯೋಗ ವರದಿಯ ಪ್ರಕಾರ, ದುಡಿಯುತ್ತಿದ್ದ 15-24 ವಯಸ್ಸಿನವರಲ್ಲಿ 33% ಮಂದಿಗೆ ಡಿಸೆಂಬರ್ 2020ರ ಹೊತ್ತಿಗೂ ಕೆಲಸ ಮರಳಿ ಸಿಕ್ಕಿರಲಿಲ್ಲ. 25-44 ವಯಸ್ಸಿನವರಲ್ಲಿ ಅಂಥವರು 6% ಮಾತ್ರ. ಜಗತ್ತಿನ ಮಟ್ಟದಲ್ಲಿ 2020ರಲ್ಲಿ ಯುವಜನರ ಉದ್ಯೋಗ 8.7% ಕುಸಿದರೆ ಹಿರಿಯರದು 3.7% ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಲೆಕ್ಕ ಹಾಕಿತು. ಎಲ್ಲರಿಗಿಂತ ಕೊನೆಗೆ ಸೇರಿದವನನ್ನು ಎಲ್ಲರಿಗಿಂತ ಮೊದಲು ಬಿಡಿಸುವುದು ಸಣ್ಣ ಅಂಗಡಿಯಿಂದ ದೊಡ್ಡ ಕಾರ್ಖಾನೆಯವರೆಗೆ ಒಂದೇ ರೂಢಿ.

ಓದಿದವರ ಪಾಡು ಬೇರೆ ಬಗೆಯದು. ಅನುದಾನರಹಿತ ಶಾಲೆಗಳ ಶಿಕ್ಷಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ತರಕಾರಿ ಮಾರಿದರು, ಗಾರೆ ಕೆಲಸಕ್ಕೆ ಹೋದರು. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಲ್ಲಿ ಬಹುತೇಕರು ಸ್ನಾತಕೋತ್ತರ ಪದವಿ ಪಡೆದ ಯುವಕ ಯುವತಿಯರು. ತರಗತಿಯಿಲ್ಲದಿದ್ದರೆ ಅವರಿಗೆ ಗೌರವಧನವಿಲ್ಲ. ಆರ್ಥಿಕ ಮಿತವ್ಯಯದ ಹೆಸರಿನಲ್ಲಿ 2020-21ರಲ್ಲಿ ರಾಜ್ಯ ಸರ್ಕಾರ ಹೊಸ ನೇಮಕಾತಿಗಳನ್ನು ತಡೆಹಿಡಿಯಿತು. ಬೋಗಾದಿಯ ಕೋಣೆಗಳಲ್ಲಿ ಮೂರು ನಾಲ್ಕು ವರ್ಷದಿಂದ ಕೆಪಿಎಸ್‌ಸಿ, ಪಿಎಸ್‌ಐ, ಎಫ್‌ಡಿಎ ಎಂದು ಓದುತ್ತಿದ್ದವರಿಗೆ ಅಧಿಸೂಚನೆ ಬಾರದ ಒಂದೊಂದು ವರ್ಷವೂ ವಯೋಮಿತಿಯ ಕಡೆಗಿನ ಒಂದು ಹೆಜ್ಜೆ. ಈ ವಿದ್ಯಾವಂತರಲ್ಲಿ ಹಲವರು ಊಟ ತಲುಪಿಸುವ ಆ್ಯಪ್‌ಗಳ ಬೈಕು ಹತ್ತಿದರು. ಕೆಲವು ತಿಂಗಳಿಗೆಂದು ಹಿಡಿದ ಆ ಕೆಲಸವೇ ಕೆಲವರಿಗೆ ಕಾಯಂ ಆಯಿತು.

ಊರಿಗೆ ಮರಳಿದವರು

ಬೆಂಗಳೂರು, ಮುಂಬೈ, ಪುಣೆ, ಗೋವಾಗಳಿಂದ ಊರಿಗೆ ಮರಳಿದವರ ಹೆಗಲು ಹಿಡಿದದ್ದು ಉದ್ಯೋಗ ಖಾತ್ರಿ. 2020-21ರಲ್ಲಿ ಕರ್ನಾಟಕದಲ್ಲಿ ದಿನಗೂಲಿ 275 ರೂಪಾಯಿ. ದೇಶದಲ್ಲಿ ಆ ವರ್ಷ 7.5 ಕೋಟಿ ಕುಟುಂಬಗಳು ಈ ಕೆಲಸ ಮಾಡಿದವು, ಸುಮಾರು 389 ಕೋಟಿ ಮಾನವ ದಿನಗಳು. ಬದು ಹಾಕುವುದು, ಕೆರೆಯ ಹೂಳು ತೆಗೆಯುವುದು, ಕೃಷಿ ಹೊಂಡ ತೋಡುವುದು. ಇಂಜಿನಿಯರಿಂಗ್, ಬಿ.ಎಡ್. ಮುಗಿಸಿದವರೂ ಅಪ್ಪ ಅಮ್ಮನ ಜಾಬ್ ಕಾರ್ಡಿನಲ್ಲಿ ಹೆಸರು ಸೇರಿಸಿ ಗುದ್ದಲಿ ಹಿಡಿದರು.

ಬೋಗಾದಿಗೆ ಇಲ್ಲೊಂದು ಬೇರೆಯದೇ ಇಕ್ಕಟ್ಟು. ಉದ್ಯೋಗ ಖಾತ್ರಿ ಗ್ರಾಮ ಪಂಚಾಯಿತಿಗಳಿಗೆ ಮಾತ್ರ ಸಲ್ಲುತ್ತಿದ್ದ ಕಾನೂನು. 2020ರ ಕೊನೆಯಲ್ಲಿ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ನಗರ ಬೆಳೆದದ್ದನ್ನು ಒಪ್ಪಿಕೊಂಡ ಈ ಕ್ರಮ ಆಡಳಿತದ ದೃಷ್ಟಿಯಿಂದ ಸರಿಯೇ. ಆದರೆ ಕೂಲಿಯನ್ನೇ ನಂಬಿದ ಮನೆಗಳ ಪಾಲಿಗೆ, ಹಳ್ಳಿಯ ನೂರು ದಿನದ ಭರವಸೆ ಅತ್ಯಂತ ಬೇಕಾಗಿದ್ದ ವರ್ಷದಲ್ಲೇ ಕೈತಪ್ಪಿತು. ಪಟ್ಟಣದ ಯುವಕನಿಗೆ ಅಂಥ ಖಾತ್ರಿ ಇಂದಿಗೂ ಇಲ್ಲ.

ಎಲ್ಲ ಮರಳುವಿಕೆಯೂ ಸುಲಭವಾಗಿರಲಿಲ್ಲ. 2020ರ ಮೇ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಉತ್ತರ ಭಾರತದ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿ, ಟೀಕೆ ಬಂದ ಮೇಲೆ ಎರಡು ದಿನಗಳಲ್ಲಿ ನಿರ್ಧಾರ ಬದಲಿಸಿತು. ಮುಂಬೈಯ ಹೋಟೆಲು, ಆಟೊ, ಸಣ್ಣ ವ್ಯಾಪಾರಗಳನ್ನು ನಂಬಿದ್ದ ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯವರು ಅದೇ ತಿಂಗಳು ಹಿಂದಿರುಗಿದಾಗ ಮಂಡ್ಯ ಜಿಲ್ಲೆಯ ಪ್ರಕರಣಗಳು ದಿಢೀರನೆ ಏರಿದವು. ‘ಮುಂಬೈಯಿಂದ ಬಂದವರು’ ಎಂದರೆ ಹುಟ್ಟಿದೂರಿನಲ್ಲೇ ಅಂಜುವಂತಾಯಿತು. ಮೇ 12ರಂದು ದುಬೈಯಿಂದ ಮಂಗಳೂರಿಗೆ, ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ಇಳಿಯಿತು. ನಂತರದ ವಿಮಾನಗಳಲ್ಲಿ ಬಂದ ಕರಾವಳಿಯ ಯುವಕರಲ್ಲಿ ಕೆಲಸ ಕಳೆದುಕೊಂಡವರು ಅನೇಕ. ಅವರು ಕಳಿಸುತ್ತಿದ್ದ ಹಣದಲ್ಲೇ ತಮ್ಮ ತಂಗಿಯರ ಕಾಲೇಜು ಓದು ನಡೆಯುತ್ತಿತ್ತು.

ಗಡಿಯ ಮಕ್ಕಳಿಗೆ ಇನ್ನೊಂದು ಬಗೆಯ ಸಂಕಟ. 2020ರ ಮಾರ್ಚ್‌ನಲ್ಲಿ ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಬರುವ ದಾರಿಗಳನ್ನು ಮಣ್ಣು ಸುರಿದು ಮುಚ್ಚಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮಂಜೇಶ್ವರ, ಕುಂಬಳೆ ಕಡೆಯಿಂದ ದಿನವೂ ಮಂಗಳೂರಿನ ಕಾಲೇಜಿಗೆ ಬರುತ್ತಿದ್ದ ಕನ್ನಡ, ತುಳು ಮನೆಮಾತಿನ ವಿದ್ಯಾರ್ಥಿಗಳಿಗೆ 2021ರಲ್ಲೂ ತಲಪಾಡಿಯಲ್ಲಿ ಆರ್‌ಟಿಪಿಸಿಆರ್ ವರದಿ ತೋರಿಸದೆ ದಾರಿಯಿರಲಿಲ್ಲ. ಬದುಕು ಎರಡು ರಾಜ್ಯಗಳಲ್ಲಿ ಹಂಚಿಹೋದವರನ್ನು ಎರಡೂ ರಾಜ್ಯಗಳು ಹೊರಗಿನವರಂತೆ ಕಂಡವು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಿಂದ ಬಾವಲಿ ಗಡಿ ದಾಟಿ ವಯನಾಡಿಗೋ, ಇತ್ತ ಕೊಡಗಿನ ತೋಟಗಳಿಗೋ ಕೂಲಿಗೆ ಹೋಗುತ್ತಿದ್ದ ಜೇನುಕುರುಬ, ಕಾಡುಕುರುಬ ಯುವಜನರ ದಾರಿಯೂ ಹೀಗೆ ಕಟ್ಟಿಹೋಯಿತು. ಹಾಡಿಯ ಮಗುವಿಗೆ ಆಶ್ರಮ ಶಾಲೆ ಮುಚ್ಚಿದರೆ ಪಾಠದ ಜೊತೆ ಮೂರು ಹೊತ್ತಿನ ಊಟವೂ ಹೋದಂತೆ.

ಹೆಣ್ಣುಮಕ್ಕಳು

ಕೆಲಸ ಕಳೆದುಕೊಂಡು ಮರಳಿ ಪಡೆಯದವರಲ್ಲಿ ಗಂಡು ಹೆಣ್ಣಿನ ಅಂತರ ದಿಗಿಲು ಹುಟ್ಟಿಸುವಂಥದು: ಮೇಲೆ ಹೇಳಿದ ಉದ್ಯೋಗ ವರದಿಯಂತೆ ಗಂಡಸರಲ್ಲಿ 7%, ಹೆಂಗಸರಲ್ಲಿ 47%. ಶಾಲೆ, ಅಂಗನವಾಡಿ ಮುಚ್ಚಿದಾಗ ಮನೆಯ ಮಕ್ಕಳನ್ನೂ ಕಾಯಿಲೆಯವರನ್ನೂ ನೋಡಿಕೊಳ್ಳುವ ಹೊಣೆ ಯಾರದೆಂದು ಯಾವ ಮನೆಯಲ್ಲೂ ಚರ್ಚೆ ನಡೆಯಲಿಲ್ಲ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಹುಡುಗಿಗೆ ಹಾಸ್ಟೆಲ್ಲೆಂದರೆ ಓದುವ ಜಾಗದ ಜೊತೆಗೆ ಮದುವೆಯ ಮಾತಿಗೆ ‘ಓದು ಮುಗಿಯಲಿ’ ಎಂದು ಹೇಳಲು ಸಿಗುವ ನೆಪವೂ ಹೌದು. ಹಾಸ್ಟೆಲ್ ಮುಚ್ಚಿ ಊರಿಗೆ ಬಂದವಳಿಗೆ ಆ ನೆಪ ತಪ್ಪಿತು. ಛತ್ರದ ಖರ್ಚಿಲ್ಲ, ಐವತ್ತು ಜನಕ್ಕೆ ಊಟ ಹಾಕಿದರೆ ಸಾಕು ಎಂಬ ಲೆಕ್ಕಾಚಾರದಲ್ಲಿ ಮುಂದೂಡಿದ್ದ ಮದುವೆಗಳು ಮುಂದೆ ಬಂದವು.

ಕರ್ನಾಟಕದಲ್ಲಿ 20-24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಐದರಲ್ಲಿ ಒಬ್ಬರಿಗಿಂತ ಹೆಚ್ಚು ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸಿದ ತಿದ್ದುಪಡಿ ಇಲ್ಲಿ 2017ರಿಂದ ಜಾರಿಯಲ್ಲಿದೆ. ಆದರೆ ಆ ಕಾನೂನಿಗೆ ಕಣ್ಣಾಗಿದ್ದದ್ದು ಶಾಲೆ: ಹಾಜರಿಯಲ್ಲಿ ಹೆಸರು ತಪ್ಪಿದ ಹುಡುಗಿಯ ಬಗ್ಗೆ ವಿಚಾರಿಸುವ ಮೇಡಂ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಗೆಳತಿ. ಶಾಲೆ ಮುಚ್ಚಿದಾಗ ಕಾನೂನು ಕಣ್ಣು ಕಳೆದುಕೊಂಡಿತು. ಮಹಾಮಾರಿಯ ಪರಿಣಾಮವಾಗಿ ಈ ದಶಕದಲ್ಲಿ ಜಗತ್ತಿನ ಇನ್ನೂ ಒಂದು ಕೋಟಿ ಹುಡುಗಿಯರು ಬಾಲ್ಯವಿವಾಹದ ಅಪಾಯಕ್ಕೆ ಒಳಗಾಗಬಹುದೆಂದು ಯುನಿಸೆಫ್ 2021ರಲ್ಲಿ ಎಚ್ಚರಿಸಿತು.

ಮನಸ್ಸು

ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಪ್ರತಿ ಸಾವಿನ ಹಿಂದೆ ಹಲವು ಕಾರಣಗಳಿರುತ್ತವೆ, ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಲಾಗದು. ಆದರೂ ಏರಿದ ಸಂಖ್ಯೆ ಕಣ್ಣೆದುರಿಗಿದೆ. ಬೆಂಗಳೂರಿನ ನಿಮ್ಹಾನ್ಸ್ ಆಧಾರವಾಗಿ 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ, 14416, ಈ ಅವಧಿಯ ಕಷ್ಟದಿಂದ ಹುಟ್ಟಿ ಉಳಿದುಕೊಂಡ ಕೆಲವೇ ಒಳ್ಳೆಯ ಏರ್ಪಾಡುಗಳಲ್ಲಿ ಒಂದು. ಕನ್ನಡದಲ್ಲೇ ಮಾತಾಡಬಹುದು.

ನೆರವು

2020ರ ಮೇ 6ರಂದು ರಾಜ್ಯ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಕ್ಷೌರಿಕರು, ಅಗಸರು, ಆಟೊ ಟ್ಯಾಕ್ಸಿ ಚಾಲಕರಿಗೆ ತಲಾ 5,000. 2021ರ ಎರಡನೆಯ ಲಾಕ್‌ಡೌನಿನಲ್ಲಿ 1,250 ಕೋಟಿ, ಜೂನ್‌ನಲ್ಲಿ ಮತ್ತೆ 500 ಕೋಟಿ. ಈ ಕೊನೆಯದರಲ್ಲಿ ಅನುದಾನರಹಿತ ಶಾಲಾ ಶಿಕ್ಷಕರಿಗೂ 5,000 ಸಿಕ್ಕಿತು. ಇವೆಲ್ಲ ಒಂದು ಕಸುಬಿನ ಗುರುತು ತೋರಿಸಬಲ್ಲವರಿಗೆ. ಲೈಸೆನ್ಸು, ಕಾರ್ಡು, ಸಂಘದ ಚೀಟಿ ಯಾವುದೂ ಇನ್ನೂ ಆಗಿರದ, ಕೆಲಸಕ್ಕೆ ಆಗಷ್ಟೇ ಕಾಲಿಡುತ್ತಿದ್ದ ಹುಡುಗನಿಗೆ ಯಾವ ಪಟ್ಟಿಯಲ್ಲೂ ಜಾಗವಿರಲಿಲ್ಲ.

ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ 2021ರ ಮೇ 29ರಂದು ಪ್ರಕಟವಾದ ‘ಮುಖ್ಯಮಂತ್ರಿ ಬಾಲಸೇವಾ’ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ, ಕೇಂದ್ರದ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ. ಆ ಮೇ ತಿಂಗಳ ಮೊದಲ ವಾರದಲ್ಲೇ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ತೀರಿಕೊಂಡಿದ್ದರು. ದುಡಿಯುವ ಅಪ್ಪನನ್ನು ಮಾತ್ರ ಕಳೆದುಕೊಂಡು, ತಾಯಿ ಇದ್ದಾಳೆಂಬ ಕಾರಣಕ್ಕೆ ‘ಅನಾಥ’ ಎಂಬ ವ್ಯಾಖ್ಯೆಯಿಂದ ಹೊರಗುಳಿದು ಕಾಲೇಜು ಬಿಟ್ಟ ಹಿರಿಮಕ್ಕಳನ್ನು ಈ ಯೋಜನೆಗಳು ತಲುಪಲಿಲ್ಲ. ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟದ್ದು ಒಳ್ಳೆಯ ಕೆಲಸ. ಅವು ಕೈಸೇರತೊಡಗಿದ್ದು 2021ರ ಜೂನ್ ಕೊನೆಗೆ, ಕಾಲೇಜು ಮುಚ್ಚಿ ಹದಿನೈದು ತಿಂಗಳಾದ ಮೇಲೆ.

ಇತರ ದೇಶಗಳು

ಜಗತ್ತಿನಲ್ಲಿ 160 ಕೋಟಿ ವಿದ್ಯಾರ್ಥಿಗಳು ಶಾಲೆ ಮುಚ್ಚುವಿಕೆಗೆ ಸಿಕ್ಕಿದರು. ಅವರೆಲ್ಲರ ನಷ್ಟ ಒಂದೇ ಅಲ್ಲ. ಯುರೋಪಿನ ಬಹುತೇಕ ದೇಶಗಳು ಕೆಲವೇ ತಿಂಗಳಲ್ಲಿ ಚಿಕ್ಕ ಮಕ್ಕಳ ತರಗತಿ ತೆರೆದವು. ಉಗಾಂಡ ತನ್ನ ಶಾಲೆಗಳನ್ನು ಪೂರ್ತಿಯಾಗಿ ತೆರೆದದ್ದು 2022ರ ಜನವರಿ 10ರಂದು, ಹೆಚ್ಚುಕಡಿಮೆ ಎರಡು ವರ್ಷದ ನಂತರ. ಬಾಂಗ್ಲಾದೇಶ 2021ರ ಸೆಪ್ಟೆಂಬರ್ 12ರಂದು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷಕ್ಕೂ ಸರಳ ಪಾಠವೊಂದನ್ನು ಓದಿ ಅರ್ಥಮಾಡಿಕೊಳ್ಳಲಾಗದ ಮಕ್ಕಳ ಪ್ರಮಾಣ 57%ರಿಂದ 70%ಕ್ಕೆ ಏರಿತೆಂದು ವಿಶ್ವ ಬ್ಯಾಂಕ್, ಯುನೆಸ್ಕೊ, ಯುನಿಸೆಫ್‌ಗಳ 2022ರ ಅಂದಾಜು. ದುಡಿಮೆಯ ವಿಷಯಕ್ಕೆ ಬಂದರೆ, ಸಂಬಳದ ಭಾಗವನ್ನು ಸರ್ಕಾರವೇ ತುಂಬಿ ನೌಕರರನ್ನು ಉಳಿಸಿಕೊಳ್ಳುವ ಯೋಜನೆಗಳು ಬ್ರಿಟನ್, ಜರ್ಮನಿಗಳಲ್ಲಿದ್ದವು. ಕರಾರು ಪತ್ರವೇ ಇಲ್ಲದ ದುಡಿಮೆಯ ದೇಶಗಳಲ್ಲಿ ಅಂಥ ಯೋಜನೆಗೆ ಆಧಾರವೇ ಇರಲಿಲ್ಲ. ಕಂಪಾಲದ ಮೋಟಾರ್ ಬೈಕ್ ಟ್ಯಾಕ್ಸಿ ಹುಡುಗನೂ ಮೈಸೂರಿನ ಮೆಸ್ಸಿನ ಹುಡುಗನೂ ಈ ವಿಷಯದಲ್ಲಿ ಒಂದೇ ಸಾಲಿನವರು.

ಈಚಿನ ವರ್ಷಗಳು

ಬೋಗಾದಿಯ ಕೋಣೆಗಳು ಮತ್ತೆ ತುಂಬಿವೆ, ಬಾಡಿಗೆ ಏರಿದೆ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ‘ಯುವನಿಧಿ’ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಅದು ಅನ್ವಯವಾದದ್ದು 2022-23ರಲ್ಲಿ ತೇರ್ಗಡೆಯಾದವರಿಂದ ಮುಂದಕ್ಕೆ. 2020ರಲ್ಲಿ, 2021ರಲ್ಲಿ ಪದವಿ ಪಡೆದು, ನೇಮಕಾತಿ ನಿಂತ ಮಾರುಕಟ್ಟೆಗೆ ಕಾಲಿಟ್ಟವರು ಇದರ ವ್ಯಾಪ್ತಿಗೆ ಬರುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ 83.89% ಇದ್ದದ್ದು 2024ರಲ್ಲಿ 73.40%ಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕಾವಲು ಬಂದು ನಕಲು ನಿಂತದ್ದೇ ಕಾರಣ ಎಂದು ಹಲವರು ವಿವರಿಸಿದರು. ಅದು ನಿಜವಿರಬಹುದು. ಆ ವರ್ಷ ಪರೀಕ್ಷೆ ಬರೆದ ಮಕ್ಕಳು ಏಳನೆಯ ತರಗತಿಯನ್ನು ಬಹುತೇಕ ಶಾಲೆಯ ಹೊರಗೇ ಕಳೆದವರು ಎಂಬುದೂ ಅಷ್ಟೇ ನಿಜ. ಶಾಲೆ ಮುಚ್ಚಿದ ಮಾರ್ಚ್‌ನಲ್ಲಿ ಮೂರನೆಯ ತರಗತಿಯಲ್ಲಿದ್ದವರು, ಕನ್ನಡದ ಒತ್ತಕ್ಷರ ಇನ್ನೂ ಕೈಗೆ ಕೂರದಿದ್ದವರು, ಎಸ್ಸೆಸ್ಸೆಲ್ಸಿಗೆ ಕೂರುವುದು 2027ರಲ್ಲಿ.